ಕ್ಯಾನ್ವಾದಲ್ಲಿ ಮಾಡಿದ ಪೋಸ್ಟರ್ ಕಲೆಯೇ?

ಪರ: ಆರಿಸುವುದೂ ಕಲೆಯೇ

ಕಳೆದ ನವೆಂಬರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವಕ್ಕೆ ಪೋಸ್ಟರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕುಂಚ ಹಿಡಿದು ಗೊತ್ತಿಲ್ಲ. ಫೋನಿನಲ್ಲಿ ಪೋಸ್ಟರ್ ಮಾಡುವ ಆ್ಯಪ್ ಕ್ಯಾನ್ವಾ ತೆರೆದು ಒಂದು ಟೆಂಪ್ಲೇಟ್, ಅಂದ್ರೆ ಸಿದ್ಧ ವಿನ್ಯಾಸ, ಆರಿಸಿದೆ. ಇಂಗ್ಲಿಷ್ ಅಳಿಸಿ 'ಕನ್ನಡ ರಾಜ್ಯೋತ್ಸವ' ಅಂತ ಹಾಕಿದ್ದೇ ತಡ, ಎಲ್ಲ ಕೆಟ್ಟಿತು. ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿದವು. ಕನ್ನಡದ ಅಕ್ಷರ ಕೆಳಕ್ಕೂ ಬೆಳೆಯುತ್ತದೆ ಅಂತ ಆ ಟೆಂಪ್ಲೇಟಿಗೆ ಗೊತ್ತಿರಲಿಲ್ಲ. ಸಾಲುಗಳ ನಡುವೆ ಜಾಗ ಬಿಟ್ಟೆ. ಮೊದಲ ಫಾಂಟ್ ಸರ್ಕಾರಿ ಸುತ್ತೋಲೆ ಥರ ಕಂಡಿತು, ಬದಲಿಸಿದೆ. ಹೂವು, ಬಳ್ಳಿ ಎಲ್ಲ ಕಿತ್ತುಹಾಕಿ ಹಳದಿ, ಕೆಂಪು ಎರಡೇ ಬಣ್ಣ ಉಳಿಸಿದೆ. ಅಷ್ಟರಲ್ಲಿ ರಾತ್ರಿ ಒಂದು ಗಂಟೆ.

ಬೆಳಿಗ್ಗೆ ಮೂರನೇ ಮಹಡಿಯ ಅಂಕಲ್ ನೋಡಿ, "ಚೆನ್ನಾಗಿದೆಯಮ್ಮ, ಆದ್ರೆ ಆ್ಯಪ್ ಮಾಡಿದ್ದಲ್ವಾ?" ಅಂದರು. ಆ ಮಾತು ಮನಸ್ಸಿಗೆ ನಾಟಿತು. ಆ ಹೂಗಳು ಬೇಡ ಅಂತ ತೀರ್ಮಾನ ಮಾಡಿದ್ದು ಯಾರು?

ನಮ್ಮ ಧಾರವಾಡ ಕಡೆಯ ಕಸೂತಿ, ಅಂದ್ರೆ ಬಟ್ಟೆ ಮೇಲೆ ಸೂಜಿದಾರದ ಚಿತ್ತಾರ, ನೋಡಿ. ಗೋಪುರ, ತೇರು, ಆನೆ, ನವಿಲು ಎಲ್ಲವೂ ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದ ಚಿತ್ತಾರ. ಹೊಲಿಯುವವಳು ಹುಟ್ಟಿಸಿದ್ದಲ್ಲ. ಇಳಕಲ್ ಸೀರೆಯ ಸೆರಗಿನಲ್ಲಿ ತೇರು ಎಲ್ಲಿರಬೇಕು, ಅದರ ಪಕ್ಕ ಏನು, ದಾರದ ಬಣ್ಣ ಯಾವುದು ಅನ್ನೋದಷ್ಟೇ ಅವಳದು. ಅದನ್ನು ಕಲೆ ಅಲ್ಲ ಅಂದವರನ್ನು ನಾನು ನೋಡಿಲ್ಲ.

ಫ್ರಾನ್ಸಿನ ಚಿತ್ರಕಾರ ಆಂರಿ ಮತೀಸ್ 1941ರಲ್ಲಿ ದೊಡ್ಡ ಆಪರೇಷನ್ ಆದಮೇಲೆ ಹೆಚ್ಚು ಹೊತ್ತು ನಿಂತು ಚಿತ್ರ ಬರೆಯಲಾಗದೆ ಕತ್ತರಿ ಹಿಡಿದರು. ಸಹಾಯಕರು ಬಣ್ಣ ಬಳಿದುಕೊಟ್ಟ ಕಾಗದವನ್ನು ಕತ್ತರಿಸುತ್ತಿದ್ದರು. ಗೋಡೆ ಮೇಲೆ ಯಾವುದು ಎಲ್ಲಿರಬೇಕು ಅಂತ ಹೇಳಿ ಹೇಳಿ ಇಡಿಸುತ್ತಿದ್ದರು. ಅವು ಇವತ್ತು ದೊಡ್ಡ ಮ್ಯೂಸಿಯಂಗಳಲ್ಲಿವೆ.

ಮೊದಲೆಲ್ಲ ಒಂದು ಆಮಂತ್ರಣಕ್ಕೂ ಡಿಟಿಪಿ ಅಂಗಡಿಗೆ ಹೋಗಬೇಕಿತ್ತು. ಕೋರಲ್‌ಡ್ರಾ ಸಾಫ್ಟ್‌ವೇರ್ ಬಲ್ಲವರ ಪಕ್ಕ ಕೂತು "ಸ್ವಲ್ಪ ಎಡಕ್ಕೆ, ಸಾರ್" ಅನ್ನಬೇಕಿತ್ತು. 2013ರಲ್ಲಿ ಆಸ್ಟ್ರೇಲಿಯಾದಲ್ಲಿ ಕ್ಯಾನ್ವಾ ಶುರುವಾಯಿತು. ಈಗ ಎಡಕ್ಕೆ ಸರಿಸುವ ಬೆರಳು ನನ್ನದೇ.

ವಿರೋಧ: ಆರಿಸಿದರೆ ಸಾಲದು

ಆ ಮೂರನೇ ಮಹಡಿಯವನು ನಾನೇ. ಅವರಿಗೆ ನೋವಾಗಿದ್ದಕ್ಕೆ ನಿಜವಾಗಿಯೂ ಬೇಸರವಿದೆ. ಪೋಸ್ಟರ್ ಚೆನ್ನಾಗಿತ್ತು, ಅದರ ಹಿಂದೆ ಅಭಿರುಚಿ ಇತ್ತು. ಆದರೂ ಅದನ್ನು ಕಲೆ ಅನ್ನೋಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ನನ್ನ ಸೋದರಮಾವ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರು. ಕಲಿಯುವಾಗ ಮೊದಲ ವರ್ಷವಿಡೀ ಕುಂಚ ತೊಳೆದು ಬಣ್ಣ ಕಲಸಿದ್ದೇ ಆಯಿತು ಅಂತ ಹೇಳುತ್ತಿದ್ದರು. ತಗಡಿನ ಮೇಲೆ ಸುಣ್ಣದ ಪುಡಿ ಹಚ್ಚಿದ ದಾರ ಬಿಗಿಹಿಡಿದು ಚಿಮ್ಮಿ ಗೆರೆ ಹಾಕುತ್ತಿದ್ದರು. ಮೇಲೆ ಸೀಮೆಸುಣ್ಣದಲ್ಲಿ ಅಕ್ಷರ, ಆಮೇಲೆ ಎನಾಮೆಲ್. 'ಸ್ಟೋರ್ಸ್' ಅಂತ ಬರೆಯುವಾಗ ಕೆಳಗಿನ 'ಟ' ಒತ್ತು ಮುಂದಿನ ಸಾಲಿಗೆ ತಗುಲುವ ಹಾಗಿದ್ದರೆ, ಅದನ್ನು ಚಪ್ಪಟೆ ಮಾಡಿ ಬಲಕ್ಕೆ ಬಾಗಿಸುತ್ತಿದ್ದರು. ಇನ್ನೊಂದು ಅಂಗಡಿಯಲ್ಲಿ ಅದೇ ಒತ್ತು ಬಾಲದ ಹಾಗೆ ಇಳಿಯುತ್ತಿತ್ತು. ಪೇಟೆಯಲ್ಲಿ ನಡೆಯುತ್ತಾ ಇದು ಮಾವನ ಕೈ, ಇದಲ್ಲ ಅಂತ ನಾವು ಹುಡುಗರು ಹೇಳಿಬಿಡುತ್ತಿದ್ದೆವು.

ಪೋಸ್ಟರ್ ಮಾಡಿದವರಿಗೂ ಬಂದದ್ದು ಅದೇ ಒತ್ತಿನ ತೊಂದರೆ. ಅವರು ಸಾಲುಗಳನ್ನು ದೂರ ಮಾಡಿದರು, ಬೇರೆ ದಾರಿ ಇರಲಿಲ್ಲ. ಅಕ್ಷರವನ್ನು ಮುಟ್ಟಿ ಬಾಗಿಸೋಕೆ ಆ ಆ್ಯಪ್ ಬಿಡಲಿಲ್ಲ. ನನ್ನ ತಕರಾರು ಇಷ್ಟೇ. ಅದೇ ಟೆಂಪ್ಲೇಟಿನಲ್ಲಿ ಪಕ್ಕದ ಬೀದಿಯ ಗಣೇಶೋತ್ಸವ, ಟ್ಯೂಷನ್ ಸೆಂಟರ್ ಜಾಹೀರಾತು ಎಲ್ಲ ಬರುತ್ತವೆ. ಸಾಲಾಗಿ ಇಟ್ಟರೆ ಯಾವುದು ಯಾರದು ಅಂತ ಹೇಳೋಕಾಗಲ್ಲ.

ಇನ್ನು ಕಸೂತಿ. ಅಲ್ಲಿ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಹೊಲಿಯಬೇಕು. ಗವಂತಿ, ಮುರ್ಗಿ ಹೊಲಿಗೆ ಎರಡೂ ಕಡೆ ಒಂದೇ ಥರ ಕಾಣಬೇಕು, ಗಂಟು ಹಾಕುವಂತಿಲ್ಲ. ಒಂದು ಎಳೆ ತಪ್ಪಿದರೆ ತೇರು ಕೂಡುವುದಿಲ್ಲ, ಬಿಚ್ಚಿ ಮತ್ತೆ ಶುರು. ಚಿತ್ತಾರ ಹಳೆಯದಿರಬಹುದು, ಆದರೆ ಪ್ರತಿ ಸಲವೂ ಅದನ್ನು ಕೈಯಿಂದಲೇ ಗೆಲ್ಲಬೇಕು. ಕ್ಯಾನ್ವಾದಲ್ಲಿ ಚಿತ್ರ ಸರಿಸಿದರೆ ಸಾಕು, ಮಧ್ಯದ ಗೆರೆ ತಾನಾಗಿ ಮೂಡಿ ಅದನ್ನು ಹಿಡಿದುಕೊಳ್ಳುತ್ತದೆ. ಮತೀಸ್ ಅವರ ಕತ್ತರಿಯ ಹಿಂದೆ ಐವತ್ತು ವರ್ಷದ ಕುಂಚದ ಅಭ್ಯಾಸವಿತ್ತು. ಆ ಕಾಗದದ ತುಂಡುಗಳ ಆಕಾರ ಹುಟ್ಟಿದ್ದೂ ಅವರ ಕೈಯಲ್ಲೇ.

ಫ್ಲೆಕ್ಸ್ ಬಂದಮೇಲೆ ಮಾವನ ಕೆಲಸ ನಿಂತಿತು. ಆ ಸಿಟ್ಟನ್ನು ನಾನು ಪೋಸ್ಟರ್ ಮಾಡಿದವರ ಮೇಲೆ ತೀರಿಸಿಕೊಳ್ಳುತ್ತಿಲ್ಲ. ಒಂದು ಕೇಳಿಕೆ ಇದೆ. ಮುಂದಿನ ನವೆಂಬರ್‌ಗೆ 'ರಾಜ್ಯೋತ್ಸವ' ಅನ್ನೋ ಒಂದೇ ಪದವನ್ನು ಕೈಯಲ್ಲಿ ಬರೆದು, ಫೋಟೋ ತೆಗೆದು ಅದೇ ಆ್ಯಪ್‌ಗೆ ಹಾಕಲಿ. ಸೊಟ್ಟಗಾದರೂ ಸರಿ. ಜಾಗ ಸಾಲದಿದ್ದರೆ ಒತ್ತನ್ನೇ ಬಾಗಿಸಲಿ. ಅದು ಕಲೆ ಅಂತ ಮೊದಲು ಹೇಳುವವನು ನಾನೇ.