ಹಳ್ಳಿ ಉದ್ಧಾರಕ್ಕೆ ಕೋರಂ ಇದೆ, ಹಳ್ಳಿಯವರು ಬೇಕಿಲ್ಲ

ಅಮೆರಿಕದಲ್ಲಿ ಮನೆ ಆಯಿತು, ಟೆಸ್ಲಾ ಆಯಿತು, ಮಗಳ ರಂಗಪ್ರವೇಶವೂ ಆಯಿತು ಅಂದಮೇಲೆ ನಮ್ಮ ಕನ್ನಡಿಗರಿಗೆ ಉಳಿಯುವುದು ಒಂದೇ ಒಂದು. ಕರ್ನಾಟಕದ ಹಳ್ಳಿ ಉದ್ಧಾರ ಮಾಡುವ ಯಾವುದಾದರೊಂದು ಸಂಸ್ಥೆಯ ಬೋರ್ಡ್ ಮೆಂಬರ್ ಆಗುವುದು.

ಸಂಬಳ ಇಲ್ಲ, ಇದು ಸೇವೆ. ಸಂಬಳದ ಮಾತಿರಲಿ, ಎಷ್ಟೋ ಕಡೆ ಸೀಟಿಗೆ ನಾವೇ ದುಡ್ಡು ಕಟ್ಟಬೇಕು. 'ಗಿವ್ ಆರ್ ಗೆಟ್' ಅಂತ ಒಂದು ನಿಯಮ. ವರ್ಷಕ್ಕೆ ಇಷ್ಟು ಡಾಲರ್ ನೀವೇ ಹಾಕಿ, ಇಲ್ಲವೇ ಪರಿಚಯದವರ ಹತ್ತಿರ ವಸೂಲಿ ಮಾಡಿ ತನ್ನಿ. 2020ರ ಗ್ರಾಮ ಪಂಚಾಯಿತಿ ಚುನಾವಣೆ ನೆನಪಿದೆಯಲ್ವಾ? ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದರು ಅಂತ ದೊಡ್ಡ ಸುದ್ದಿಯಾಯಿತು, ಚುನಾವಣಾ ಆಯೋಗ ಗುಡುಗಿತು. ಪಾಪ, ಊರವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇದು ನಮ್ಮ ಗಿವ್ ಆರ್ ಗೆಟ್ ಪಾಲಿಸಿ ಸ್ವಾಮಿ ಅಂದಿದ್ದರೆ ಮುಗಿದುಹೋಗುತ್ತಿತ್ತು.

ಇಂಥದ್ದೊಂದು ಬೋರ್ಡಿನ ಜೂಮ್ ಮೀಟಿಂಗಿನಲ್ಲಿ ನಾನೂ ಸುಮ್ನೆ ಕೂತು ನೋಡಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ ಎಂಟೂವರೆ, ನ್ಯೂಜೆರ್ಸಿಯಲ್ಲಿ ಹನ್ನೊಂದೂವರೆ, ಪಾವಗಡದ ಕಡೆಯ ಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಒಂಬತ್ತು. ಹಳ್ಳಿಯ ಕಡೆಯಿಂದ ಇದ್ದವರು ಒಬ್ಬರೇ, ಸಂಸ್ಥೆಯ ಕೆಲಸ ನೋಡಿಕೊಳ್ಳುವ ರಿಟೈರ್ಡ್ ಮೇಷ್ಟ್ರು. ಅವರಿಗೆ ವೋಟಿಲ್ಲ. ಮೈಕೂ ಮ್ಯೂಟು.

ಹೋದ ಮೀಟಿಂಗಿನ ಮಿನಿಟ್ಸ್ ಓದಿದರು. ಒಬ್ಬರು ಮೋಷನ್ (ನಿರ್ಣಯ ಮಂಡನೆ) ಅಂದರು, ಇನ್ನೊಬ್ಬರು ಸೆಕೆಂಡ್ (ಅದಕ್ಕೆ ಅನುಮೋದನೆ) ಅಂದರು. ಆಮೇಲೆ ವರ್ಷದ ಗಾಲಾ ಡಿನ್ನರ್, ಅಂದರೆ ದೇಣಿಗೆ ಎತ್ತುವ ಔತಣ. ಹೋಳಿಗೆಯೋ ಚೀಸ್‌ಕೇಕೋ ಅಂತ ಮುಕ್ಕಾಲು ಗಂಟೆ ಚರ್ಚೆಯಾಗಿ, ಕೊನೆಗೆ ಎರಡೂ ಇರಲಿ ಅಂತ ಸರ್ವಾನುಮತದಿಂದ ಪಾಸಾಯಿತು. ಮೇಷ್ಟ್ರ ಸರದಿ ಬಂದಾಗ ಉಳಿದಿದ್ದು ಐದು ನಿಮಿಷ.

"ಸಾರ್, ನೀರಿನ ಘಟಕ ನಿಂತುಹೋಗಿದೆ. ಜನ ಐದು ರೂಪಾಯಿ ಕಾಯಿನ್ ಹಾಕ್ತಾರೆ, ನೀರು ಬರಲ್ಲ. ನೀರು ಸೋಸೋ ಪೊರೆ, ಅದೇ ಮೆಂಬ್ರೇನ್, ಕಟ್ಕೊಂಡಿದೆ. ಮತ್ತೆ ಫ್ಲೋರೈಡ್ ನೀರೇ ಕುಡೀತಿದ್ದಾರೆ."

ರಿಪೇರಿಗೆ ಬಜೆಟ್ ಇಲ್ಲವಂತೆ. ಪಕ್ಕದ ಊರಿಗೆ ಹೊಸ ಘಟಕ ಬೇಕಾದರೆ ಮಾಡಬಹುದಂತೆ, ದಾನಿಗಳು ರೆಡಿ ಇದ್ದಾರೆ. ಅದೂ ಸರಿಯೇ ಬಿಡಿ. ಹೊಸ ಘಟಕವಾದರೆ ಗೋಡೆಗೆ ಕಲ್ಲು ಕೂರಿಸಿ ತಾತನ ಹೆಸರು ಕೆತ್ತಿಸಬಹುದು, ಮೆಂಬ್ರೇನಿನ ಮೇಲೆ ಯಾರ ಹೆಸರು ಬರೆಸುತ್ತೀರಿ?

ಇವರನ್ನೇ ಆಡಿಕೊಳ್ಳುವುದೂ ತಪ್ಪು. ದೊಡ್ಡ ದೊಡ್ಡವರೇ ಇದಕ್ಕಿಂತ ಜೋರಾಗಿ ಮಾಡಿದ್ದಾರೆ. ಆಫ್ರಿಕಾದಲ್ಲಿ ಪ್ಲೇಪಂಪ್ ಅಂತ ಒಂದಿತ್ತು. ಮಕ್ಕಳು ಆಟದ ಚಕ್ರದ ಮೇಲೆ ಕೂತು ತಿರುಗಿದರೆ ಸಾಕು, ನೆಲದಡಿಯ ನೀರು ಟ್ಯಾಂಕಿಗೆ ಏರುತ್ತದೆ. 2006ರಲ್ಲಿ ಬಿಲ್ ಕ್ಲಿಂಟನ್ ಅವರ ವೇದಿಕೆಯಲ್ಲಿ ಆಗಿನ ಅಮೆರಿಕ ಅಧ್ಯಕ್ಷರ ಪತ್ನಿ ಲಾರಾ ಬುಷ್ ಇದಕ್ಕೆ 1.64 ಕೋಟಿ ಡಾಲರ್ ಘೋಷಿಸಿದರು, ಎಲ್ಲರೂ ಚಪ್ಪಾಳೆ ಹೊಡೆದರು. 2009ರಲ್ಲಿ ಗಾರ್ಡಿಯನ್ ಪತ್ರಿಕೆ ಕೂತು ಲೆಕ್ಕ ಹಾಕಿತು. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು! ನಮ್ಮ ಬೋರ್ಡ್ ಆಗಿದ್ದರೆ ಆ ಮಿಕ್ಕ ಮೂರು ಗಂಟೆ ಹುಡುಕುವುದಕ್ಕೆ ಒಂದು ಸಬ್‌ಕಮಿಟಿ ಮಾಡುತ್ತಿತ್ತು.

ಇನ್ನು ದುಡ್ಡಿನ ಪ್ರಯಾಣ. ವಿದೇಶಿ ದೇಣಿಗೆಯ ಕಾನೂನಿಗೆ 2020ರಲ್ಲಿ ತಿದ್ದುಪಡಿ ಆದಮೇಲೆ ಹೊರಗಿನ ದುಡ್ಡು ಮೊದಲು ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಶಾಖೆಗೇ ಬಂದು ಇಳಿಯಬೇಕು. ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ, ಆಡಳಿತ ಖರ್ಚು ಶೇ 20 ಮೀರುವ ಹಾಗಿಲ್ಲ. ಇದನ್ನು ಮೇಷ್ಟ್ರು ಎಷ್ಟು ಸಲ ಬಿಡಿಸಿ ಹೇಳಿದರೂ ಒಬ್ಬರು "ಗೂಗಲ್ ಪೇ ಮಾಡಿದ್ರೆ ಆಗಲ್ವಾ?" ಅಂತ ಕೇಳುತ್ತಲೇ ಇದ್ದರು. ಖರ್ಚು ಇಳಿಸಬೇಕು ಅಂತ ಮೇಷ್ಟ್ರ ಬೈಕಿನ ಪೆಟ್ರೋಲು ಕತ್ತರಿಸಿದರು. ಅಮೆರಿಕದಲ್ಲಿ ಸೇವೆಗೆ ಕಾರು ಓಡಿಸಿದರೆ ಮೈಲಿಗೆ 14 ಸೆಂಟಿನ ಲೆಕ್ಕದಲ್ಲಿ ತೆರಿಗೆ ವಿನಾಯಿತಿ ಕೇಳಬಹುದು, ಅದನ್ನು ಮಾತ್ರ ಒಬ್ಬರೂ ಮರೆಯುವುದಿಲ್ಲ.

ಕೊನೆಗೆ ಯಾರಿಗೋ ಜ್ಞಾನೋದಯವಾಯಿತು. ಬೋರ್ಡಿನಲ್ಲಿ ಹಳ್ಳಿಯವರು ಒಬ್ಬರಾದರೂ ಬೇಡವೇ? ಆ ಊರಿಗೆ ಒಂದು ಪಂಚಾಯಿತಿ ಅಂತ ಇದೆ, 400 ಜನಕ್ಕೊಬ್ಬ ಸದಸ್ಯರಂತೆ ಆರಿಸಿ ಬಂದವರಿದ್ದಾರೆ, ಅರ್ಧ ಸೀಟು ಹೆಂಗಸರಿಗೇ ಅಂತ ಕಾನೂನೇ ಇದೆ. ಇದ್ಯಾವುದೂ ಅಲ್ಲಿ ಕೂತವರಿಗೆ ಹೊಳೆದಿರಲಿಲ್ಲ. ಮೇಷ್ಟ್ರು ಮ್ಯೂಟ್ ತೆಗೆದು, ಸ್ವಸಹಾಯ ಸಂಘದ ಹೆಣ್ಣುಮಗಳೊಬ್ಬಳ ಹೆಸರು ಹೇಳಿದರು. ನೀರಿನ ಘಟಕದ ಬೀಗದ ಕೈ ಇರುವುದೂ ಅವಳ ಹತ್ತಿರವೇ, ಬೈಗುಳ ತಿನ್ನುವವಳೂ ಅವಳೇ.

ಎಲ್ಲರಿಗೂ ಬಹಳ ಖುಷಿಯಾಯಿತು. ಆದರೆ ಗಿವ್ ಆರ್ ಗೆಟ್? ಅವಳು ಡಾಲರ್ ಎಲ್ಲಿಂದ ತರುತ್ತಾಳೆ? ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರಲ್ಲ, ಬೈಲಾ ತಿದ್ದಬೇಕು, ಲಾಯರನ್ನು ಕೇಳಬೇಕು. ವಿಷಯ ಮುಂದಿನ ಮೀಟಿಂಗಿಗೆ ಹೋಯಿತು.

"ಮೇಷ್ಟ್ರೇ, ಒಂದ್ನಿಮಿಷ," ಅಂದರು ಅಧ್ಯಕ್ಷರು. "ಆಕೆ ಫೋಟೋ ಮಾತ್ರ ಇವತ್ತೇ ಕಳಿಸಿ. ಗಾಲಾ ಬ್ಯಾನರ್‌ಗೆ ಬೇಕು. ತಲೆ ಮೇಲೆ ಬಿಂದಿಗೆ ಇರಲಿ."