ಆ ವರ್ಷದ ಕಂತು ಯಾರು ಕಟ್ತಾರೆ?

ಕೆಲವು ವರ್ಷಗಳ ಹಿಂದೆ ಸಣ್ಣ ರೈತರಿಗಾಗಿ ನಡೆದ ಒಂದು ತರಬೇತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಪರದೆ ಮೇಲೆ ಕರಗುತ್ತಿರುವ ಮಂಜುಗಡ್ಡೆ, ಅದರ ಮೇಲೊಂದು ಒಂಟಿ ಹಿಮಕರಡಿ. ಮಣ್ಣು ಉಳಿಸಿ, ವಿಷ ಸುರಿಯಬೇಡಿ, ಮಕ್ಕಳಿಗೆ ಏನು ಬಿಟ್ಟು ಹೋಗ್ತೀರಿ ಅಂತ ಒಂದೂವರೆ ಗಂಟೆ ಭಾಷಣ. ಮುಗಿದ ಮೇಲೆ ಒಬ್ಬ ರೈತರು ಎದ್ದು ನಿಂತರು. "ಸರ್, ರಾಸಾಯನಿಕ ಗೊಬ್ಬರ ಹಾಕೋದು ಬಿಟ್ಟರೆ ಮೊದಲ ವರ್ಷ ಇಳುವರಿ ಇಳಿಯುತ್ತೆ ಅಂತ ನೀವೇ ಹೇಳಿದ್ರಿ. ಆ ವರ್ಷದ ಸಾಲದ ಕಂತು ಯಾರು ಕಟ್ತಾರೆ?"

ವೇದಿಕೆ ಮೇಲಿದ್ದವರು ನಕ್ಕು, "ಅದು ಇವತ್ತಿನ ವಿಷಯಕ್ಕೆ ಬರಲ್ಲ" ಅಂದರು.

ನನಗಂತೂ ಅವತ್ತಿನ ವಿಷಯ ಅಂತ ಇದ್ದಿದ್ದೇ ಅದೊಂದು ಅನ್ನಿಸಿತು. ಉಳಿದದ್ದೆಲ್ಲ ಪೀಠಿಕೆ.

ಜಗತ್ತಿನಲ್ಲಿ ಸುಮಾರು 60 ಕೋಟಿ ಕೃಷಿ ಹಿಡುವಳಿಗಳಿವೆ. ನೂರರಲ್ಲಿ 84ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಇವರೆಲ್ಲರ ಕೈಲಿರುವುದು ಒಟ್ಟು ಕೃಷಿ ಭೂಮಿಯ ಶೇಕಡಾ 12ರಷ್ಟು ಮಾತ್ರ. ಅಷ್ಟರಲ್ಲೇ ಜಗತ್ತಿನ ಆಹಾರದ ಮೂರನೇ ಒಂದು ಪಾಲನ್ನು ಬೆಳೆಯುತ್ತಾರೆ. ಹಾಗಾಗಿ ಇವರಿಗೆ ಬೇಸಾಯ ಬರಲ್ಲ, ಅದಕ್ಕೇ ಬಡವರು ಅನ್ನೋ ಮಾತು ಸುಳ್ಳು. ಬೇಸಾಯ ಬರುತ್ತೆ. ದುಡ್ಡು ಹೋಗುವ ಹೊತ್ತು ಮತ್ತು ಬರುವ ಹೊತ್ತು ಮಾತ್ರ ಹೊಂದುವುದಿಲ್ಲ. ಬೀಜ, ಗೊಬ್ಬರ, ಔಷಧಿ ಎಲ್ಲ ಹಂಗಾಮಿನ ಶುರುವಿನಲ್ಲೇ ಬೇಕು, ಅದೂ ಸಾಲದಲ್ಲಿ. ಬೆಳೆ ಕೈಗೆ ಬರುವ ಹೊತ್ತಿಗೆ ಎಲ್ಲರ ಬೆಳೆಯೂ ಒಟ್ಟಿಗೆ ಬಂದಿರುತ್ತದೆ, ಬೆಲೆ ನೆಲ ಕಚ್ಚಿರುತ್ತದೆ. ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಿರುವಾಗ ಬೆಲೆ ಏರಲಿ ಅಂತ ಕಾಯೋಕೆ ಯಾರಿಂದ ಆಗುತ್ತೆ?

ಈ ಲೆಕ್ಕ ಹಿಡಿದು ನೋಡಿದರೆ, ಪರಿಸರಕ್ಕೆ ಒಳ್ಳೆಯದು ಅಂತ ನಾವು ಕರೆಯುವ ಬೇಸಾಯಕ್ಕೆ ಬೇರೆಯದೇ ಅರ್ಥ ಬರುತ್ತದೆ. ಇಳುವರಿ ಒಂದು ಕಾಳೂ ಜಾಸ್ತಿ ಆಗದೇ ಇರಲಿ, ಹಂಗಾಮಿನ ಶುರುವಿನ ಸಾಲ ಅರ್ಧಕ್ಕಿಳಿದರೆ ಆ ಮನೆಯ ಕಥೆಯೇ ಬೇರೆ. ಸಣ್ಣ ರೈತರ ಹತ್ತಿರ ಹೋಗಿ ಮಾತಾಡಬೇಕಾದ್ದು ಇದನ್ನು. ಹಿಮಕರಡಿಯ ಮೇಲೆ ನನಗೇನೂ ಸಿಟ್ಟಿಲ್ಲ, ಪಾಪ.

ಹೀಗೆ ಕಲಿಸಿದ ಉದಾಹರಣೆ ಇಲ್ಲ ಅಂತಲ್ಲ. ನನಗೆ ತುಂಬ ಇಷ್ಟವಾದದ್ದು ಇಂಡೊನೇಷ್ಯಾದ್ದು. 1970 ಮತ್ತು 80ರ ದಶಕದಲ್ಲಿ ಅಲ್ಲಿನ ಭತ್ತವನ್ನು ಕಂದು ಜಿಗಿಹುಳು ಮತ್ತೆ ಮತ್ತೆ ತಿಂದು ಹಾಕಿತು. ಸರ್ಕಾರವೇ ಸಬ್ಸಿಡಿ ಕೊಟ್ಟು ಕೀಟನಾಶಕ ಹಂಚುತ್ತಿತ್ತು. ಹೊಡೆದಷ್ಟೂ ಹುಳ ಜಾಸ್ತಿ. ಯಾಕೆ ಗೊತ್ತಾ? ಈ ಹುಳ ಮೊಟ್ಟೆ ಇಡುವುದು ಎಲೆಯ ಪೊರೆಯ ಒಳಗೆ. ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಸಾಯುವುದು ಹೊರಗಿರುವ ಜೇಡಗಳು, ಹುಳವನ್ನು ಹಿಡಿದು ತಿನ್ನುವ ಬೇರೆ ಕೀಟಗಳು. ಮೊಟ್ಟೆ ಒಡೆದು ಮರಿ ಹೊರಬರುವಾಗ ಗದ್ದೆಯಲ್ಲಿ ಅದನ್ನು ಕೇಳುವವರೇ ಇರುವುದಿಲ್ಲ. ರೈತರು ಸಾಲ ಮಾಡಿ ತಂದು ಸುರಿದದ್ದು ತಮ್ಮ ಕಾವಲುಗಾರರ ಮೇಲೇ.

1986ರಲ್ಲಿ ಅಲ್ಲಿನ ಅಧ್ಯಕ್ಷರ ಆದೇಶದಿಂದ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸಬಾರದು ಅಂತಾಯಿತು. ಸಬ್ಸಿಡಿಯನ್ನೂ ಹಂತಹಂತವಾಗಿ ನಿಲ್ಲಿಸಿದರು. ಆದರೆ ನಿಷೇಧ ಮಾಡಿ ಸುಮ್ನೆ ಕೂರಲಿಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಜೊತೆ ಸೇರಿ 1989ರಲ್ಲಿ ರೈತರ ಹೊಲಶಾಲೆ ಶುರು ಮಾಡಿದರು. ಇಪ್ಪತ್ತೈದು ಜನರ ಗುಂಪು, ವಾರಕ್ಕೊಮ್ಮೆ, ನಾಟಿಯಿಂದ ಕೊಯ್ಲಿನವರೆಗೆ. ತರಗತಿ ಅಂದರೆ ಗದ್ದೆಯ ಬದು. ಕಪ್ಪು ಹಲಗೆ ಇಲ್ಲ. ಬೆಳಿಗ್ಗೆ ಗದ್ದೆಗಿಳಿದು ಗಿಡಗಳನ್ನು ನೋಡಿ, ಹುಳ ಎಣಿಸಿ ಬರಬೇಕು. ಆಮೇಲೆ ದೊಡ್ಡ ಕಾಗದದಲ್ಲಿ ಗಿಡದ ಚಿತ್ರ ಬರೆದು, ಒಂದು ಕಡೆ ಬೆಳೆ ತಿನ್ನುವ ಹುಳ, ಇನ್ನೊಂದು ಕಡೆ ಆ ಹುಳವನ್ನು ತಿನ್ನುವವು. ಔಷಧಿ ಬೇಕೋ ಬೇಡವೋ ಅನ್ನುವುದನ್ನು ಗುಂಪೇ ವಾದ ಮಾಡಿ ತೀರ್ಮಾನಿಸಬೇಕು.

ಜೇಡ ನಿಜವಾಗಿ ಹುಳ ತಿನ್ನುತ್ತಾ ಅಂತ ಅನುಮಾನವಾ? ಒಂದು ಬಾಟಲಿಯಲ್ಲಿ ಎರಡನ್ನೂ ಹಾಕಿ ಮನೆಗೆ ತಗೊಂಡು ಹೋಗಿ ನೋಡಿ ಅಂತಿದ್ದರು. ಎಲೆ ಹೋದರೆ ಬೆಳೆ ಹೋಯಿತು ಅನ್ನೋ ಭಯವಾ? ಎಳೆ ಪೈರಿನ ಎಲೆಯನ್ನು ಬೇಕಂತಲೇ ಕತ್ತರಿಯಿಂದ ಕತ್ತರಿಸಿ, ಅದು ಹೇಗೆ ಚಿಗುರಿಕೊಳ್ಳುತ್ತದೆ ಅಂತ ವಾರವಾರ ನೋಡುತ್ತಿದ್ದರು. ಎಲೆಯಲ್ಲಿ ನಾಲ್ಕು ತೂತು ಕಂಡ ಕೂಡಲೇ ಅಂಗಡಿಗೆ ಓಡುವ ಅಭ್ಯಾಸ ಬಿಡಿಸಲು ಇದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ. ಹತ್ತು ವರ್ಷದೊಳಗೆ ಹತ್ತು ಲಕ್ಷದಷ್ಟು ರೈತರು ಈ ಶಾಲೆಗಳಲ್ಲಿ ಕಲಿತರು.

ಇದರಲ್ಲೂ ಒಂದು ಕಹಿ ಇದೆ, ಮುಚ್ಚಿಡಬಾರದು. ಒಬ್ಬ ಕಲಿತರೆ ಅವನನ್ನು ನೋಡಿ ಪಕ್ಕದ ಹೊಲದವರೂ ಕಲಿಯುತ್ತಾರೆ, ಹಾಗೇ ಊರಿಗೆ ಊರೇ ಬದಲಾಗುತ್ತದೆ ಅಂತ ಲೆಕ್ಕ ಹಾಕಿದ್ದರು. ಆಮೇಲೆ ಅರ್ಥಶಾಸ್ತ್ರಜ್ಞರು ಪರೀಕ್ಷೆ ಮಾಡಿ ನೋಡಿದಾಗ, ಕಲಿತವರಿಂದ ಪಕ್ಕದವರಿಗೆ ಹೇಳಿಕೊಳ್ಳುವಷ್ಟು ವಿದ್ಯೆ ದಾಟಿರಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಹೊಸ ತಳಿಯ ಬೀಜವನ್ನು ಬೇಲಿ ಆಚೆಯಿಂದ ನೋಡಿ ಕೇಳಿ ತರಬಹುದು. ಔಷಧಿ ಹೊಡೆಯದೇ ಇರುವ ಧೈರ್ಯ ಬೇಲಿ ಆಚೆಯಿಂದ ಕಾಣಿಸಲ್ಲ. ಆ ಬಾಟಲಿಯನ್ನು ಅವರವರೇ ರಾತ್ರಿಯೆಲ್ಲ ಕೂತು ನೋಡಬೇಕು. ಅಂದರೆ ಕಲಿಸುವ ಕೆಲಸ ನಿಧಾನ, ದುಬಾರಿ. ಒಂದು ದಿನದ ಕಾರ್ಯಾಗಾರ, ಒಂದು ಬ್ಯಾಗು, ಒಂದು ಗುಂಪು ಫೋಟೋದಲ್ಲಿ ಮುಗಿಯುವುದಲ್ಲ.

ಇನ್ನು ಆ ಮೊದಲ ವರ್ಷದ ಇಳುವರಿಗೆ ಬರೋಣ. ಅದು ಇಳಿಯುವುದಕ್ಕೆ ಇರುವ ಒಂದು ಕಾರಣವನ್ನು ತುಂಬ ಜನ ಹೇಳಿಕೊಡುವುದೇ ಇಲ್ಲ. ಒಣಹುಲ್ಲು, ಕಾಂಡದ ಕಡ್ಡಿ ಇವನ್ನೆಲ್ಲ ಸುಡಬೇಡಿ, ಮಣ್ಣಿಗೆ ಸೇರಿಸಿ ಅಂತಾರೆ. ಸರಿ. ಆದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೂ ಸಾರಜನಕ ಬೇಕು. ಹುಲ್ಲಿನಲ್ಲಿ ಅದು ಕಡಿಮೆ. ಹಾಗಾಗಿ ಮಣ್ಣಿನಲ್ಲಿರುವುದನ್ನೇ ಎಳೆದುಕೊಳ್ಳುತ್ತವೆ. ಬೆಳೆ ಹಳದಿಯಾಗುತ್ತದೆ. ಕಾರಣ ಗೊತ್ತಿಲ್ಲದವರು "ಇದೆಲ್ಲ ಬೊಗಳೆ" ಅಂತ ಮತ್ತೆ ಯೂರಿಯಾ ತರುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ತರುತ್ತಿದ್ದೆ. ಮೊದಲು ಗುಂಡಿಯಲ್ಲಿ ಸಗಣಿಯ ಜೊತೆ ಕೊಳೆಸಿ ಆಮೇಲೆ ಹಾಕಿ ಅಂತ ಒಂದು ಮಾತು ಮುಂಚೆ ಹೇಳಿದ್ದರೆ ಅರ್ಧ ಜಗಳ ಮುಗಿಯುತ್ತಿತ್ತು.

ದ್ವಿದಳ ಬೆಳೆ ಹಾಕಿದರೆ ಸಾರಜನಕ ಬಿಟ್ಟಿ ಸಿಗುತ್ತೆ ಅನ್ನುವುದೂ ಹಾಗೇ. ಸಿಗುತ್ತೆ, ಬೇರುಗಂಟು, ಅಂದರೆ ಗಾಳಿಯ ಸಾರಜನಕ ಹಿಡಿದುಕೊಡುವ ಸೂಕ್ಷ್ಮಜೀವಿಗಳಿರುವ ಬೇರಿನ ಗಂಟು, ಕೆಲಸ ಮಾಡುತ್ತಿದ್ದರೆ ಮಾತ್ರ. ಗಿಡ ಕಿತ್ತು ಗಂಟನ್ನು ಉಗುರಿನಲ್ಲಿ ಸೀಳಿ ನೋಡಿದರೆ ಗೊತ್ತಾಗುತ್ತದೆ. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆದಿದೆ. ಬೆಳ್ಳಗೋ ಹಸಿರಾಗೋ ಇದ್ದರೆ ಇಲ್ಲ. ಇದಕ್ಕೆ ಪ್ರಯೋಗಾಲಯ ಬೇಡ, ಓದು ಬರಹವೂ ಬೇಡ. ಶಾಲೆಯಲ್ಲಿ ನಮಗೆ ಸಾರಜನಕದ ಚಕ್ರದ ಚಿತ್ರ ಬರೆಸಿದರು, ಬಾಣದ ಗುರುತು ತಪ್ಪಿದ್ದಕ್ಕೆ ಮಾರ್ಕು ಕಳೆದರು. ಒಂದು ಗಂಟನ್ನು ಸೀಳಿ ತೋರಿಸಲಿಲ್ಲ ನೋಡಿ.

ನಿಷೇಧವೇ ಸಾಕು ಅನ್ನುವವರು ಶ್ರೀಲಂಕಾ ನೋಡಬಹುದು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಹೆಚ್ಚುಕಮ್ಮಿ ರಾತ್ರೋರಾತ್ರಿ ನಿಲ್ಲಿಸಿದರು. ಬದಲಿಗೆ ಬೇಕಾದಷ್ಟು ಸಾವಯವ ಗೊಬ್ಬರ ಇರಲಿಲ್ಲ, ರೈತರಿಗೆ ತಯಾರಿಯೂ ಇರಲಿಲ್ಲ. ಭತ್ತದ ಬೆಳೆ ಕುಸಿಯಿತು. ಅದೇ ವರ್ಷ ನವೆಂಬರಿನಲ್ಲಿ ನಿಷೇಧ ವಾಪಸ್. ಇಂಡೊನೇಷ್ಯಾದಲ್ಲೂ ನಿಷೇಧ ಇತ್ತು, ಆದರೆ ಅಲ್ಲಿ ಬಿಡಿಸಿದ್ದು ಬೆಳೆಗೆ ಬೇಡವಾದ ವಿಷವನ್ನು. ಇಲ್ಲಿ ಕಿತ್ತುಕೊಂಡದ್ದು ಬೆಳೆಯ ಊಟವನ್ನು. ಎರಡನ್ನೂ "ರಾಸಾಯನಿಕ" ಅಂತ ಒಂದೇ ಚೀಲಕ್ಕೆ ತುಂಬುವ ಭಾಷಣಕಾರರಿಗೆ ನನ್ನ ದೊಡ್ಡ ನಮಸ್ಕಾರ.

ಕೂಲಿಯ ಲೆಕ್ಕವನ್ನೂ ಯಾರೂ ಇಡಲ್ಲ. ಬುರ್ಕಿನಾ ಫಾಸೊ ದೇಶದಲ್ಲಿ ಯಾಕುಬಾ ಸವಡೋಗೊ ಅನ್ನುವ ರೈತ 1980ರ ದಶಕದಲ್ಲಿ ಬಂಜರು ನೆಲದಲ್ಲಿ ಗುಂಡಿ ತೋಡಿ, ಗೊಬ್ಬರ ಹಾಕಿ, ಗೆದ್ದಲಿನಿಂದಲೇ ಗಟ್ಟಿ ಮಣ್ಣು ಸಡಿಲ ಮಾಡಿಸಿ ಬೆಳೆ ತೆಗೆದರು. ಗುಂಡಿಯ ಪದ್ಧತಿ ಹಳೆಯದೇ, ಇವರು ಅದನ್ನು ತಿದ್ದಿ ಬೆಳೆಸಿದರು. ಅದ್ಭುತ. ಆದರೆ ಒಂದು ಹೆಕ್ಟೇರಿಗೆ ನೂರಾರು ಗಂಟೆ ಗುದ್ದಲಿ ಹಿಡಿಯಬೇಕು. ಖರ್ಚಿಲ್ಲದ ಬೇಸಾಯ ಅನ್ನುವಾಗ ಆ ಬೆನ್ನುನೋವನ್ನು, ಬಹಳ ಸಲ ಮನೆಯ ಹೆಂಗಸರ ಬೆನ್ನುನೋವನ್ನು, ಸೊನ್ನೆ ಅಂತ ಬರೆದುಕೊಂಡಿರುತ್ತೇವೆ ಅಲ್ವಾ?

ನೈಜರ್ ದೇಶದ ಕಥೆ ಇನ್ನೂ ಬೇರೆ. ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ ಅಲ್ಲಿ ಸಸಿ ನೆಟ್ಟು ನೆಟ್ಟು ಸೋತಿದ್ದರು. 1983ರ ಸುಮಾರಿಗೆ ಒಂದು ದಿನ ಅವರಿಗೆ ಹೊಳೆಯಿತು, ಹೊಲದಲ್ಲಿರುವ ಪೊದೆಗಳೆಲ್ಲ ಕಡಿದ ಮರಗಳ ಬೊಡ್ಡೆಯ ಚಿಗುರು ಅಂತ. ನೆಡುವುದೇ ಬೇಡ, ಒಳ್ಳೆಯ ಚಿಗುರು ಉಳಿಸಿ ಮಿಕ್ಕದ್ದು ಸವರಿದರೆ ಸಾಕು. ಖರ್ಚು ಒಂದು ಚಾಕುವಿನದು. ಮುಂದಿನ ಇಪ್ಪತ್ತು ವರ್ಷದಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಎದ್ದವು. ಈ ಕಥೆ ಹೇಳುವಾಗ ಬಿಟ್ಟುಹೋಗುವ ಒಂದು ಮಾತಿದೆ. ಅಲ್ಲಿ ಮೊದಲು ಹೊಲದ ಮರವೂ ಸರ್ಕಾರದ ಆಸ್ತಿ. ಬೆಳೆಸಿದವನೇ ಕಡಿದರೂ ದಂಡ. ಆ ಹಿಡಿತ ಸಡಿಲವಾಗಿ, ಮರ ತನ್ನದು ಅಂತ ರೈತನಿಗೆ ಅನ್ನಿಸಿದ ಮೇಲೆಯೇ ಚಿಗುರಿಗೆ ಕಾವಲು ಸಿಕ್ಕಿದ್ದು.

ಅವತ್ತು ತರಬೇತಿ ಮುಗಿದ ಮೇಲೆ ಪ್ರಶ್ನೆ ಕೇಳಿದ ಆ ರೈತರನ್ನು ಹೊರಗೆ ಮಾತಾಡಿಸಿದೆ. ಒಂದು ಮೂಲೆಯಲ್ಲಿ ಹತ್ತು ಸಾಲಿನಷ್ಟಾದರೂ ಮಾಡಿ ನೋಡಬಹುದಲ್ವಾ ಅಂದೆ. "ಹತ್ತು ಸಾಲೇನು, ಪೂರ್ತಿ ಮಾಡ್ತೀನಿ. ಆದರೆ ಹೊಲ ನನ್ನದಲ್ಲ, ಗುತ್ತಿಗೆ. ವರ್ಷ ವರ್ಷ ಮಾತಾಡಬೇಕು. ಮಣ್ಣು ಚೆನ್ನಾದರೆ ಗುತ್ತಿಗೆ ಏರಿಸ್ತಾರೆ, ಇಲ್ಲ ಬಿಡಿಸ್ತಾರೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಐದು ವರ್ಷಕ್ಕೆ ಅಂತ ಬರೆದುಕೊಡೋಕೆ ಹೇಳಿ, ಗೊಬ್ಬರದ ಗುಂಡಿ ನಾಳೆನೇ ತೋಡ್ತೀನಿ" ಅಂತ ಚಪ್ಪಲಿ ಮೆಟ್ಟಿಕೊಂಡು ಹೊರಟರು.