ಖಾಸಗಿ ಸೌರ ವಿದ್ಯುತ್ ಖರೀದಿ: ಒಂದು ಸ್ಪಷ್ಟನೆ

ಯಾವ ಮನೆಯವರು ಬೇಕಾದರೂ ಖಾಸಗಿ ಸೌರ ಘಟಕದೊಡನೆ ಒಪ್ಪಂದ ಮಾಡಿಕೊಂಡು ಬೆಸ್ಕಾಂ ಬಿಲ್ಲಿನಿಂದ ಪೂರ್ತಿ ಮುಕ್ತರಾಗಬಹುದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿರುವ ಸಂದೇಶ ಸರಿಯಲ್ಲ. ಕೇಂದ್ರದ 2022ರ ಹಸಿರು ಇಂಧನ ಮುಕ್ತ ಪ್ರವೇಶ (ಬೇರೆ ಉತ್ಪಾದಕರಿಂದ ಕೊಂಡ ವಿದ್ಯುತ್ತನ್ನು ಈಗಿರುವ ತಂತಿಗಳ ಮೂಲಕ ಪಡೆಯುವ ಅವಕಾಶ) ನಿಯಮಗಳು ಇಂಥ ಖರೀದಿಗೆ ಗ್ರಾಹಕರಿಗೆ ಇರಬೇಕಾದ ಕನಿಷ್ಠ ವಿದ್ಯುತ್ ಮಂಜೂರಾತಿಯನ್ನು 1 ಮೆಗಾವಾಟ್‌ನಿಂದ 100 ಕಿಲೋವಾಟ್‌ಗೆ ಇಳಿಸಿದ್ದು ನಿಜ. ಆದರೆ 3 ಅಥವಾ 5 ಕಿಲೋವಾಟ್ ಮಂಜೂರಾತಿಯ ಮನೆ ಅದರ ಹತ್ತಿರಕ್ಕೂ ಬರುವುದಿಲ್ಲ. ಅರ್ಹತೆಯುಳ್ಳ ಕಾರ್ಖಾನೆಗೂ ಲೆಕ್ಕ ಅಷ್ಟು ಸುಲಭವಲ್ಲ: ಪಾವಗಡದ ಕಡೆ ಉತ್ಪಾದನೆಯಾದ ವಿದ್ಯುತ್ತು ಪೀಣ್ಯ ತಲುಪುವುದು ರಾಜ್ಯದ ವಿದ್ಯುತ್ ಪ್ರಸರಣ ನಿಗಮವಾದ ಕೆಪಿಟಿಸಿಎಲ್ ಮತ್ತು ಬೆಸ್ಕಾಂ ತಂತಿಗಳ ಮೂಲಕವೇ ಆದ್ದರಿಂದ, ಮಾರುವವರು ಹೇಳುವ ಯೂನಿಟ್ ದರದ ಮೇಲೆ ಸಾಗಣೆ ಶುಲ್ಕ, ಸಾಗಣೆ ನಷ್ಟ ಮತ್ತು ಸಾಮಾನ್ಯವಾಗಿ ಕಡಿಮೆ ದರದ ಗ್ರಾಹಕರ ವೆಚ್ಚ ಸರಿದೂಗಿಸಲು ಪಡೆಯುವ ಹೆಚ್ಚುವರಿ ಶುಲ್ಕವಾದ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಕೂಡ ಬೀಳುತ್ತದೆ. ಘಟಕದಲ್ಲಿ ಕನಿಷ್ಠ ಶೇ 26ರಷ್ಟು ಪಾಲು ಹೊಂದಿ, ಅದರ ಕನಿಷ್ಠ ಶೇ 51ರಷ್ಟು ವಿದ್ಯುತ್ತನ್ನು ತಾವೇ ಬಳಸುವವರಿಗೆ ಈ ಸರ್‌ಚಾರ್ಜ್ ಇಲ್ಲ. ಮನೆಯವರು ಮುಂಗಡ ಕೊಟ್ಟು ಮೋಸಹೋಗದೆ, ಚಾವಣಿ ಸೌರಫಲಕ ಮತ್ತು ನೆಟ್ ಮೀಟರಿಂಗ್ (ಬಳಸಿ ಉಳಿದ ಸೌರ ವಿದ್ಯುತ್ತನ್ನು ಬೆಸ್ಕಾಂ ಜಾಲಕ್ಕೆ ಕೊಟ್ಟು ಬಿಲ್ಲಿನಲ್ಲಿ ಹೊಂದಿಸಿಕೊಳ್ಳುವ ವ್ಯವಸ್ಥೆ) ಬಗ್ಗೆ ತಮ್ಮ ಉಪವಿಭಾಗ ಕಚೇರಿಯಲ್ಲೇ ವಿಚಾರಿಸಲಿ.